ನಾಟಕದ ಹುಚ್ಚಿರುವ ಹುಡುಗನಿಗೆ ಐಟಿಐ ಕಲಿಸಿ

ಮಗನಿಗೆ ನಾಟಕದ ಹುಚ್ಚು ಹಿಡಿದಿದೆ ಅಂತ ಹೆದರಿಕೊಂಡಿರುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಒಂದೇ. ಅವನನ್ನು ಇಂಜಿನಿಯರಿಂಗ್‌ಗೆ ತಳ್ಳಬೇಡಿ. ನಾಟಕ ಬಿಡು ಅಂತಲೂ ಹೇಳಬೇಡಿ. ಐಟಿಐಗೆ ಸೇರಿಸಿ.

ರಿಸಲ್ಟ್ ಬಂದ ಮೇಲೆ ಪ್ರತಿ ವರ್ಷ ನನಗೆ ಫೋನ್‌ಗಳು ಬರುತ್ತವೆ. "ಅಣ್ಣಾ, ನೀವು ಎರಡೂ ಮಾಡ್ತಿದೀರಲ್ಲ, ನಮ್ಮ ಹುಡುಗನಿಗೆ ಸ್ವಲ್ಪ ಹೇಳಿ." ನಾನು ಸಾಗರದ ಕಡೆಯವನು. ಹಗಲು ಮನೆ ವೈರಿಂಗ್ ಮಾಡುತ್ತೇನೆ, ಸಂಜೆ ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತೇನೆ, ಬೆಳಕೂ ಮಾಡುತ್ತೇನೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗಬಹುದು, ಆದರೂ ಓದಿ.

ನಮ್ಮಲ್ಲಿ ಎಲ್ಲರೂ ಕೊಡುವ ಬುದ್ಧಿವಾದ ಗೊತ್ತೇ ಇದೆ. ಮೊದಲು ಒಂದು ಡಿಗ್ರಿ ಮಾಡಿಕೊ, ಒಳ್ಳೆ ಕೆಲಸ ಹಿಡಿ, ಆಮೇಲೆ ಬಿಡುವಿನಲ್ಲಿ ನಿನ್ನ ಕಲೆ ಗಿಲೆ ನೋಡಿಕೊ. ಹೀಗೆ ಹೇಳುವವರ ಬಾಯಲ್ಲಿ ಯಾವಾಗಲೂ ಸಾಹಿತಿಗಳ ಉದಾಹರಣೆ ರೆಡಿ ಇರುತ್ತದೆ. ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿದ್ದರು, ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು, ಅವರೆಲ್ಲ ಬರೆಯಲಿಲ್ಲವಾ? ಬರೆದರು, ನಿಜ. ಆದರೆ ಬರವಣಿಗೆ ಒಬ್ಬನೇ ಕೂತು ಮಾಡುವ ಕೆಲಸ. ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದ ಮೇಲೂ ಬರೆಯಬಹುದು, ಬೆಳಿಗ್ಗೆ ನಾಲ್ಕಕ್ಕೆ ಎದ್ದೂ ಬರೆಯಬಹುದು. ನಾಟಕಕ್ಕೆ ಹತ್ತು ಹದಿನೈದು ಜನ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಸೇರಬೇಕು. ಒಬ್ಬ ಬರದಿದ್ದರೆ ಉಳಿದವರ ತಾಲೀಮು ಹಾಳು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡವನಿಗೆ, ಅಮೆರಿಕದ ಕ್ಲೈಂಟಿನ ಜೊತೆ ರಾತ್ರಿ ಮೀಟಿಂಗ್ ಇರುವವನಿಗೆ ಸಂಜೆ ಆರೂವರೆಗೆ ಬಾ ಅಂದರೆ ಎಲ್ಲಿಂದ ಬರುತ್ತಾನೆ? ಶನಿವಾರ ಭಾನುವಾರ ಬರುತ್ತಾನೆ. ವಾರಕ್ಕೆ ಎರಡೇ ದಿನ ತಾಲೀಮು ಮಾಡಿ ಒಳ್ಳೆ ನಾಟಕ ಕಟ್ಟುವ ತಂಡಗಳೂ ಬೆಂಗಳೂರಿನಲ್ಲಿವೆ, ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅಲ್ಲಿ ಎಷ್ಟೋ ಹುಡುಗರು ಒಂದೆರಡು ನಾಟಕ ಮಾಡಿ, ಪ್ರಮೋಷನ್ ಬಂದ ಮೇಲೆ ಕಾಣೆಯಾಗಿಬಿಡುತ್ತಾರೆ. ಆಸೆ ಹೋಗಿರುವುದಿಲ್ಲ, ಹೊತ್ತು ಇರುವುದಿಲ್ಲ ಅಷ್ಟೇ.

ಕೈಕೆಲಸ ಕಲಿತವನ ಕಥೆ ಬೇರೆ. ನನ್ನ ಕೆಲಸದ ರೀತಿಯನ್ನೇ ಹೇಳುತ್ತೇನೆ. ಒಂದು ಮನೆಯ ವೈರಿಂಗ್ ಒಂದೇ ಸಲ ಆಗುವಂಥದ್ದಲ್ಲ. ಸ್ಲ್ಯಾಬಿಗೆ ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕುವ ಮೊದಲು ಪೈಪ್ ಎಳೆದು ಬಾಕ್ಸ್ ಕೂರಿಸಬೇಕು. ಆ ದಿನ ಮಾತ್ರ ಯಾರ ಮದುವೆ ಇದ್ದರೂ ತಪ್ಪಿಸುವ ಹಾಗಿಲ್ಲ, ಮೇಸ್ತ್ರಿ ಕಾಯುವುದಿಲ್ಲ. ಆಮೇಲೆ ಗೋಡೆ ಎದ್ದ ಮೇಲೆ ಕಟಿಂಗ್, ಪ್ಲಾಸ್ಟರ್ ಆದ ಮೇಲೆ ವೈರ್ ಎಳೆಯುವುದು, ಪೇಂಟ್ ಮುಗಿಯುವ ಹೊತ್ತಿಗೆ ಸ್ವಿಚ್ಚು, ಡಿಬಿ (ಮನೆಯ ಕರೆಂಟು ಹಂಚುವ ಬಾಕ್ಸ್), ಫ್ಯಾನು, ಲೈಟು. ನಡುವೆ ವಾರಗಟ್ಟಲೆ ಅಂತರ ಇರುತ್ತದೆ. ಒಂದೇ ಹೊತ್ತಿಗೆ ನಾಲ್ಕೈದು ಮನೆ ಕೈಯಲ್ಲಿದ್ದರೆ ಯಾವ ದಿನ ಎಲ್ಲಿ ಅಂತ ಹೊಂದಿಸಿಕೊಳ್ಳುವವನು ನಾನೇ. ಗುರುವಾರ ಪ್ರದರ್ಶನ ಇದೆ ಅಂದರೆ ವೈರ್ ಎಳೆಯುವುದನ್ನು ಶುಕ್ರವಾರಕ್ಕೆ ಹಾಕುತ್ತೇನೆ. ಯಾರಿಗೂ ರಜಾ ಅರ್ಜಿ ಕೊಡಬೇಕಾಗಿಲ್ಲ. ಸಂಜೆ ಐದೂವರೆಗೆ ಟೂಲ್ ಬ್ಯಾಗ್ ಕಟ್ಟಿದರೆ ಆರೂವರೆಗೆ ತಾಲೀಮಿನಲ್ಲಿ ಇರುತ್ತೇನೆ. ನಮ್ಮ ತಂಡದಲ್ಲಿ ಟೈಲರ್ ಇದ್ದಾರೆ, ಬಡಗಿ ಇದ್ದಾರೆ, ಬೈಕ್ ಮೆಕ್ಯಾನಿಕ್ ಇದ್ದಾನೆ. ಎಲ್ಲರಿಗಿಂತ ಕಷ್ಟಪಟ್ಟು ಬಿಡುವು ಮಾಡಿಕೊಳ್ಳುವವರು ಯಾರು ಗೊತ್ತಾ? ಬ್ಯಾಂಕಿನವರು.

ಇದೆಲ್ಲ ಸುಲಭ ಅಂತ ಹೇಳುತ್ತಿಲ್ಲ. ಮಲೆನಾಡಿನಲ್ಲಿ ಒಂದು ದೊಡ್ಡ ಇಕ್ಕಟ್ಟಿದೆ. ಮಳೆಗಾಲದಲ್ಲಿ ಕಟ್ಟಡದ ಕೆಲಸ ತುಂಬಾ ಕಡಿಮೆ. ದೀಪಾವಳಿ ಕಳೆದ ಮೇಲೆ ಶುರುವಾದರೆ ಮೇ ತನಕ ಉಸಿರಾಡಲು ಬಿಡುವುದಿಲ್ಲ. ಊರೂರ ನಾಟಕ, ಜಾತ್ರೆ, ಉತ್ಸವ ಎಲ್ಲಾ ಬರುವುದೂ ಅದೇ ಒಣ ತಿಂಗಳುಗಳಲ್ಲೇ. ಎರಡೂ ಒಟ್ಟಿಗೆ ಮೈಮೇಲೆ ಬರುತ್ತವೆ. ಅದಕ್ಕೆ ನಾವು ಕಂಡುಕೊಂಡ ದಾರಿ ಅಂದರೆ ಮಳೆಗಾಲದಲ್ಲೇ ನಾಟಕ ಕಟ್ಟಿಬಿಡುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತು, ನಡೆ, ಹಾಡು ಎಲ್ಲ ಪಕ್ಕಾ ಮಾಡಿಟ್ಟುಕೊಂಡರೆ ಆಮೇಲೆ ಬರೀ ಪ್ರದರ್ಶನ. ಮತ್ತೆ ಕೆಲಸದಲ್ಲಿ ಒಬ್ಬ ಜೊತೆಗಾರ ಬೇಕೇ ಬೇಕು, ಒಬ್ಬನೇ ಇದ್ದರೆ ನಡೆಯುವುದಿಲ್ಲ. ದುಡ್ಡಿನ ವಿಷಯಕ್ಕೆ ಬಂದರೆ, ಪಾಯಿಂಟ್ ಲೆಕ್ಕದಲ್ಲಿ (ಒಂದೊಂದು ಲೈಟು, ಫ್ಯಾನು, ಪ್ಲಗ್ಗಿಗೆ ಇಷ್ಟು ಅಂತ) ಕೆಲಸ ಮಾಡಿದವರಿಗೆ ಗೊತ್ತು, ಗೃಹಪ್ರವೇಶ ಆದ ಮೇಲೆ ಕೊನೆಯ ಕಂತು ವಸೂಲಿ ಮಾಡುವುದು ಎಷ್ಟು ಕಷ್ಟ ಅಂತ. ಆದರೂ ಮನೆ ನಡೆದಿದೆ, ಮಕ್ಕಳ ಫೀಸು ಕಟ್ಟಿದ್ದೇನೆ.

ಇನ್ನು ನಾಟಕದಿಂದಲೇ ಬದುಕುತ್ತೇನೆ ಅನ್ನುವ ಹುಡುಗರ ವಿಷಯ. ನಮ್ಮ ಪಕ್ಕದಲ್ಲೇ ಹೆಗ್ಗೋಡು ಇದೆ. 1949ರಲ್ಲಿ ಅಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರ ಮಾಡಿತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ ಶುರು ಮಾಡಿತು. ಅಲ್ಲಿ ಕಲಿತು ಬಂದವರು ಇವತ್ತು ರಾಜ್ಯದ ಮೂಲೆಮೂಲೆಯಲ್ಲಿದ್ದಾರೆ. ಆ ಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು, ತೋಟದ ಬದುಕಿನ ಜೊತೆಜೊತೆಗೇ ರಂಗಭೂಮಿ ಕಟ್ಟಿದವರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಅದೇ ಹಳ್ಳಿಯಲ್ಲೇ ಇದ್ದರು. ನಮ್ಮೂರ ಕಡೆ ನಾಟಕ, ಯಕ್ಷಗಾನ ಇಷ್ಟು ಉಳಿದಿರುವುದಕ್ಕೆ ಈ ತೋಟದ ಬದುಕೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಆದರೆ ತೋಟ ಇಲ್ಲದ ಮನೆಯ ಹುಡುಗರು ಏನು ಮಾಡಬೇಕು? ಅವರಿಗೂ ಬುಡಕ್ಕೆ ಏನಾದರೂ ಬೇಕಲ್ವಾ?

ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ರಂಗಾಯಣ ಶುರುವಾಯಿತು, ಕಲಾವಿದರಿಗೆ ತಿಂಗಳ ಸಂಬಳ ಕೊಡುವ ರೆಪರ್ಟರಿ, ಅಂದರೆ ಕಾಯಂ ನಾಟಕ ತಂಡ. ಆಮೇಲೆ ಧಾರವಾಡ, ಶಿವಮೊಗ್ಗ, ಕಲಬುರಗಿಗೂ ರಂಗಾಯಣ ಬಂತು. ಎಲ್ಲಾ ಸೇರಿಸಿದರೂ ಅಲ್ಲಿರುವ ಜಾಗ ಎಷ್ಟು, ಪ್ರತಿ ವರ್ಷ ನಾಟಕ ಕಲಿತು ಹೊರಗೆ ಬರುವ ಹುಡುಗರು ಎಷ್ಟು, ನೀವೇ ಯೋಚನೆ ಮಾಡಿ. ಗುಬ್ಬಿ ಕಂಪನಿಯ ಕಾಲದಲ್ಲಿ ನಾಟಕವೇ ಒಂದು ಉದ್ಯೋಗವಾಗಿತ್ತು. ನಟರು, ಹಾಡುಗಾರರು, ಪರದೆ ಬರೆಯುವವರು, ಬಡಗಿಗಳು, ಅಡುಗೆಯವರು, ಎಲ್ಲರೂ ಅದರ ಮೇಲೆ ಊಟ ಮಾಡುತ್ತಿದ್ದರು. ಸಿನಿಮಾ ಬಂದ ಮೇಲೆ ಅಂಥ ನಾಟಕ ಕಂಪನಿಗಳು ಕುಗ್ಗುತ್ತಾ ಬಂದವು. ಈಗಲೂ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದರೆ ವೃತ್ತಿ ಕಂಪನಿಗಳು ಸಾಲಾಗಿ ಟೆಂಟ್ ಹಾಕಿರುವುದನ್ನು ನೋಡಬಹುದು, ಅಲ್ಲಿ ಸೇರುವ ಜನ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಜಾತ್ರೆ ವರ್ಷಪೂರ್ತಿ ಇರುವುದಿಲ್ಲ. ಜೀವನಪೂರ್ತಿ ಬಣ್ಣ ಹಚ್ಚಿದವರು 58 ವರ್ಷ ದಾಟಿದ ಮೇಲೆ ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಿಡಿದು ಓಡಾಡುವುದನ್ನು ನೋಡಿದ್ದೇನೆ. ಆ ದುಡ್ಡಿನಲ್ಲಿ ಔಷಧಿ ಖರ್ಚು ಕಳೆದರೆ ಮನೆ ಬಾಡಿಗೆಗೆ ಏನೂ ಉಳಿಯುವುದಿಲ್ಲ. ಅಂಥವರ ಕೈಗೆ ಇಪ್ಪತ್ತನೇ ವಯಸ್ಸಿನಲ್ಲೇ ಒಂದು ಕೆಲಸ ಕಲಿಸಿದ್ದರೆ ಅಂತ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಕೈಕೆಲಸ ಕಲೆಯೊಳಗೂ ಬರುತ್ತದೆ. ನಾನು ನಾಟಕಕ್ಕೆ ಬೆಳಕು ಮಾಡಲು ಕಲಿತದ್ದು ವೈರಿಂಗ್ ಗೊತ್ತಿದ್ದದ್ದರಿಂದಲೇ. ಹಳೆಯ ಹ್ಯಾಲೋಜನ್ ಲೈಟುಗಳು ಒಂದೊಂದೂ 1000 ವ್ಯಾಟಿನವು. 230 ವೋಲ್ಟಿನಲ್ಲಿ ಒಂದಕ್ಕೆ ನಾಲ್ಕು ಆಂಪಿಯರಿಗಿಂತ ಸ್ವಲ್ಪ ಜಾಸ್ತಿ ಕರೆಂಟು ಬೇಕು. ಹನ್ನೆರಡು ಲೈಟು ಒಟ್ಟಿಗೆ ಪೂರ್ತಿ ಉರಿದರೆ 50 ಆಂಪಿಯರ್ ದಾಟುತ್ತದೆ. ಹಳ್ಳಿ ಶಾಲೆಯ ಸಿಂಗಲ್ ಫೇಸ್ ಕನೆಕ್ಷನ್ ಇದನ್ನು ಹೇಗೆ ತಡೆಯುತ್ತದೆ? ಮೂರು ಫೇಸ್ ಎಲ್ಲಿ ಸಿಗುತ್ತದೆ ನೋಡಬೇಕು, ಲೋಡನ್ನು ಮೂರಕ್ಕೂ ಸಮ ಹಂಚಬೇಕು, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಗಟ್ಟಿ ಇದೆಯಾ ನೋಡಬೇಕು. ನ್ಯೂಟ್ರಲ್ ಬಿಟ್ಟುಹೋದರೆ ಒಂದು ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರ ಏರಿ ಬೆಳಕು ಏರಿಸಿ ಇಳಿಸುವ ಡಿಮ್ಮರು, ಆಂಪ್ಲಿಫೈಯರು ಎಲ್ಲಾ ಸುಟ್ಟುಹೋಗುತ್ತವೆ. ಈಗ ಎಲ್‌ಇಡಿ ಬಂದು ಲೋಡ್ ತುಂಬಾ ಕಡಿಮೆಯಾಗಿದೆ, ಆದರೂ ಮಳೆ ಹನಿಯುವ ಬಯಲು ರಂಗಮಂದಿರದಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ನಟನ ಜೀವಕ್ಕೇ ಅಪಾಯ. ಇದು ಗೊತ್ತಿರುವವನು ತಂಡದಲ್ಲಿದ್ದರೆ ನಿರ್ದೇಶಕರು ನೆಮ್ಮದಿಯಾಗಿ ಕಲ್ಪನೆ ಮಾಡಬಹುದು. ನಮ್ಮ ಬಡಗಿ ಅಣ್ಣ ಮಾಡುವ ರಂಗಸಜ್ಜಿಕೆಯನ್ನು ಬಿಚ್ಚಿ ಒಂದೇ ಟೆಂಪೋದಲ್ಲಿ ಹಾಕಿಕೊಂಡು ಹೋಗಬಹುದು, ಅದು ಅವರಿಗೆ ನಾಟಕದ ಪುಸ್ತಕ ಓದಿ ಬಂದ ವಿದ್ಯೆ ಅಲ್ಲ.

ನನ್ನ ಮಾತು ಎಲ್ಲಾ ಕಲೆಗೂ ಹೊಂದುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಹಿಂದುಸ್ತಾನಿ, ಕರ್ನಾಟಕ ಸಂಗೀತ, ಭರತನಾಟ್ಯ, ಯಕ್ಷಗಾನದ ಭಾಗವತಿಕೆ, ಮದ್ದಳೆ, ಇವಕ್ಕೆ ಹದಿಹರೆಯದ ವರ್ಷಗಳೇ ಮುಖ್ಯ. ಆಗ ದಿನಕ್ಕೆ ಐದಾರು ಗಂಟೆ ಅಭ್ಯಾಸ ಮಾಡದಿದ್ದರೆ ಆಮೇಲೆ ಎಷ್ಟು ಹೆಣಗಾಡಿದರೂ ಆ ಗಂಟಲು, ಆ ಕೈ ಬರುವುದಿಲ್ಲ. ಅಂಥ ಮಗುವಿನ ಕೈಗೆ ಡ್ರಿಲ್ಲಿಂಗ್ ಮಷಿನ್ ಕೊಟ್ಟು ದಿನವಿಡೀ ಸಿಮೆಂಟ್ ಧೂಳು ಕುಡಿಸಿದರೆ ತಪ್ಪು. ಗುರುಗಳು ಈ ಮಗುವಿನಲ್ಲಿ ಇದೆ ಅಂತ ಹೇಳಿದರೆ ಮನೆಯವರು ಹೊಟ್ಟೆ ಕಟ್ಟಿಯಾದರೂ ನಿಲ್ಲಬೇಕು. ಯಕ್ಷಗಾನದಲ್ಲಾದರೂ ಮೇಳ ಅನ್ನುವ ತಿರುಗಾಟದ ತಂಡಗಳ ವ್ಯವಸ್ಥೆ ಇದೆ. ಭಕ್ತರು ಹರಕೆ ಹೊತ್ತು ಆಡಿಸುವ ಆಟಗಳಿರುವುದರಿಂದ ಕಟೀಲು, ಮಂದಾರ್ತಿಯಂಥ ಮೇಳಗಳಿಗೆ ಸೀಸನ್ನಿನಲ್ಲಿ ಆಟ ತಪ್ಪುವುದಿಲ್ಲ. ನವೆಂಬರಿನ ಹೊತ್ತಿಗೆ ಹೊರಟರೆ ಮೇ ತಿಂಗಳಲ್ಲಿ ಆಟಗಳು ಮುಗಿಯುವ ಪತ್ತನಾಜೆ ದಿನದ ತನಕ ತಿರುಗಾಟ, ಮಳೆಗಾಲದ ತಿಂಗಳುಗಳಿಗೆ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಅಲ್ಲೂ ಎರಡು ಕೆಲಸ ಕಲಿತವನಿಗೇ ನೆಮ್ಮದಿ.

ಕೈಕೆಲಸ ಅಂದರೆ ಎಲ್ಲವೂ ಗಟ್ಟಿ ಅಂತಲೂ ಅಲ್ಲ. ಬೋರ್ಡ್ ಬರೆಯುವವರನ್ನು ನೆನಪು ಮಾಡಿಕೊಳ್ಳಿ. ಪ್ರತಿ ಊರಿನಲ್ಲೂ ಒಬ್ಬ ಆರ್ಟಿಸ್ಟ್ ಇರುತ್ತಿದ್ದರು, ಅಂಗಡಿ ಬೋರ್ಡು, ಲಾರಿಯ ಹಿಂದಿನ ಬರಹ, ಗೋಡೆ ಜಾಹೀರಾತು, ನಾಟಕದ ಪರದೆ, ಎಲ್ಲಾ ಅವರ ಕೈಯಲ್ಲಿ. ಎಷ್ಟು ಚೆಂದದ ಕನ್ನಡ ಅಕ್ಷರ! ಕಲೆ ಮತ್ತು ದುಡಿಮೆ ಎರಡೂ ಒಂದರಲ್ಲೇ ಇದ್ದ ಕೆಲಸ ಅದು. ಫ್ಲೆಕ್ಸ್ ಬಂದು ಕೆಲವೇ ವರ್ಷದಲ್ಲಿ ಎಲ್ಲಾ ಹೋಯಿತು. ಈಗ ಫ್ಲೆಕ್ಸ್ ಡಿಸೈನ್ ಮಾಡುವ ಹುಡುಗರ ಸರದಿ. ಗಣಪತಿ ಉತ್ಸವದ ಪೋಸ್ಟರನ್ನು ಯಾರೋ ಮೊಬೈಲಿನಲ್ಲೇ ಎಐ ಹತ್ತಿರ ಮಾಡಿಸಿಬಿಡುತ್ತಾರೆ. ಚಿತ್ರ ಬಿಡಿಸುವ ಮಕ್ಕಳಿಗೆ ಡಿಸೈನಿಂಗ್ ಕಲಿ, ಅದರಲ್ಲಿ ಸಂಪಾದನೆ ಇದೆ ಅಂತ ಐದು ವರ್ಷದ ಹಿಂದೆ ಎಲ್ಲರೂ ಹೇಳುತ್ತಿದ್ದರು. ಈಗ ಅಷ್ಟು ಧೈರ್ಯವಾಗಿ ಹೇಳಲು ನನಗೆ ಆಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಮನುಷ್ಯ ಆ ಜಾಗಕ್ಕೇ ಹೋಗಿ, ಏಣಿ ಹತ್ತಿ, ಕೈಯಲ್ಲೇ ಮಾಡಬೇಕಾದ ಕೆಲಸ ನೋಡಿಕೊಳ್ಳಿ ಅಂತ. ಗೋಡೆಯೊಳಗಿನ ಶಾರ್ಟ್ ಸರ್ಕ್ಯೂಟನ್ನು ಫೋನಿನಲ್ಲಿ ಕೂತು ಯಾರೂ ಸರಿ ಮಾಡಲಾರರು. ಪ್ಲಂಬಿಂಗ್, ವೆಲ್ಡಿಂಗ್, ಫ್ರಿಜ್ ಎಸಿ ರಿಪೇರಿ, ಬಡಗಿ ಕೆಲಸ, ಎಲ್ಲಾ ಹಾಗೇ.

ಇಷ್ಟೆಲ್ಲ ಹೇಳಿದ ಮೇಲೂ ತಂದೆ ತಾಯಿ ಒಪ್ಪದಿರುವುದಕ್ಕೆ ಕಾರಣ ದುಡ್ಡಲ್ಲ, ಮರ್ಯಾದೆ. ಮಗ ಇಂಜಿನಿಯರಿಂಗ್‌ನಲ್ಲಿ ನಾಲ್ಕು ಸಬ್ಜೆಕ್ಟ್ ಉಳಿಸಿಕೊಂಡು ಮನೆಯಲ್ಲಿ ಕೂತಿದ್ದರೂ "ಬಿಇ ಮಾಡ್ತಿದಾನೆ" ಅಂತ ಹೇಳಬಹುದು. ಐಟಿಐ ಅಂದರೆ ದಡ್ಡರು ಹೋಗುವ ಜಾಗ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಮೇಲಿಂದ ನಾಟಕ ಅಂತ ಸೇರಿದರೆ ಹೆಣ್ಣು ಕೊಡುವವರು ಯಾರು ಅನ್ನುವ ಪ್ರಶ್ನೆ. ಮಲೆನಾಡಿನಲ್ಲಿ ಈ ಪ್ರಶ್ನೆ ಸುಳ್ಳಲ್ಲ, ಎಷ್ಟೋ ಒಳ್ಳೆಯ ಹುಡುಗರು ಇದರಿಂದ ಒಳಗೊಳಗೇ ಕುಗ್ಗಿದ್ದಾರೆ. ಆದರೆ ಇದಕ್ಕೆ ಹೆದರಿ ಮಗನನ್ನು ಇಷ್ಟವಿಲ್ಲದ ಓದಿಗೆ ಹಾಕಿದರೆ ನಾಲ್ಕು ವರ್ಷ ಮತ್ತು ಲಕ್ಷಗಟ್ಟಲೆ ಸಾಲ, ಎರಡೂ ನಿಮ್ಮ ತಲೆ ಮೇಲೇ ಬರುತ್ತವೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಕಷ್ಟ. ತಂಡಕ್ಕೆ ಬಂದು ಚೆನ್ನಾಗಿ ಅಭಿನಯ ಮಾಡುತ್ತಿದ್ದ ಹುಡುಗಿಯರು ಮದುವೆಯಾದ ಮೇಲೆ ಬರುವುದು ನಿಂತುಹೋಗುತ್ತದೆ. ರಾತ್ರಿ ತಾಲೀಮು ಮುಗಿಸಿ ಮನೆಗೆ ಯಾರು ಬಿಡುತ್ತಾರೆ ಅನ್ನುವುದೇ ದೊಡ್ಡ ಮಾತಾಗುತ್ತದೆ. ಆದರೂ ಉಳಿದುಕೊಂಡವರನ್ನು ನೋಡಿದರೆ ಹೆಚ್ಚಿನವರು ಸ್ವಂತ ಸಂಪಾದನೆ ಇರುವವರು, ಟೈಲರಿಂಗ್ ಅಂಗಡಿ ಇಟ್ಟವರು, ಟೀಚರುಗಳು. ಅವರ ಕೈಯಲ್ಲಿ ಅವರದೇ ದುಡ್ಡಿದೆ, ಅದಕ್ಕೇ ಅವರ ಮಾತು ಮನೆಯಲ್ಲಿ ನಡೆಯುತ್ತದೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಹುಡುಗಿಯರೂ ಸೇರಬಹುದು. ನಮ್ಮ ಕಡೆ ಇನ್ನೂ ತುಂಬಾ ಕಡಿಮೆ ಜನ ಹೋಗುತ್ತಾರೆ, ಆದರೆ ಮನೆ ರಿಪೇರಿ ಕೆಲಸಕ್ಕೆ ಒಬ್ಬ ಹೆಣ್ಣುಮಗಳು ಬಂದರೆ ಒಂಟಿಯಾಗಿರುವ ವಯಸ್ಸಾದ ಅಮ್ಮಂದಿರಿಗೆ ಎಷ್ಟು ಅನುಕೂಲ ಅಂತ ಕೆಲಸಕ್ಕೆ ಹೋದ ಮನೆಗಳಲ್ಲೇ ಕೇಳಿದ್ದೇನೆ.

ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ, ಎಸ್‌ಎಸ್‌ಎಲ್‌ಸಿ ಆದರೆ ಸಾಕು. ಸರ್ಕಾರಿ ಐಟಿಐನಲ್ಲಿ ಸೀಟು ಸಿಕ್ಕರೆ ಫೀಸು ತುಂಬಾ ಕಡಿಮೆ. ಮುಗಿಸಿದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಮಾಡಿಸಿ, ಬಿಡಿಸಬೇಡಿ. ಆಮೇಲೆ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಲಿ. ಅಷ್ಟು ಹೊತ್ತಿಗೆ ಅವನ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಆಗಲೂ ನಾಟಕದ ಆಸೆ ಹಾಗೇ ಇದ್ದರೆ ಹೋಗಲಿ ಬಿಡಿ, ತಡೆಯಬೇಡಿ. ಕಲಿಯುವುದಕ್ಕೋ ತಿರುಗಾಟಕ್ಕೋ ಒಂದೆರಡು ವರ್ಷ ಪೂರ್ತಿಯಾಗಿ ಹೋಗಿ ಬರಲಿ. ವಾಪಸ್ ಬಂದ ದಿನ ಅವನಿಗೆ ಕೆಲಸ ಇರುತ್ತದೆ. ವಾಪಸ್ ಬರದೆ ಅಲ್ಲೇ ನೆಲೆ ನಿಂತರೆ ಇನ್ನೂ ಸಂತೋಷ.

ಐಟಿಐ ಅರ್ಜಿಯ ಕೊನೆಯ ದಿನಾಂಕ ವಿಚಾರಿಸಿಕೊಳ್ಳಿ, ತಡ ಮಾಡಬೇಡಿ. ಈ ಕೆಲಸ ಹೇಗಿರುತ್ತದೆ ಅಂತ ಸುಮ್ನೆ ನೋಡಬೇಕು ಅನ್ನುವ ಹುಡುಗರು, ಹುಡುಗಿಯರು ಸಾಗರದ ಸುತ್ತಮುತ್ತ ಇದ್ದರೆ ನನಗೆ ಮೆಸೇಜ್ ಮಾಡಿ. ಹಗಲು ಸೈಟಿಗೆ ಕರೆದುಕೊಂಡು ಹೋಗುತ್ತೇನೆ, ಸಂಜೆ ತಾಲೀಮಿಗೂ ಬರಬಹುದು. ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ. ಸೈಟಿಗೆ ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ.