ಸ್ಪಷ್ಟನೆ: ಫ್ರೀ ರ‍್ಯಾಡಿಕಲ್‌ಗಳೆಲ್ಲ ವಿಷವಲ್ಲ

‘ದೇಹದಲ್ಲಿ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳೇ ಕ್ಯಾನ್ಸರಿನ ಮೂಲ, ದಿನಕ್ಕೊಂದು ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಅವೆಲ್ಲ ಖಲಾಸ್’ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಓಡಾಡುತ್ತಿದೆ. ಮೊದಲರ್ಧದಲ್ಲಿ ಒಂದಿಷ್ಟು ನಿಜವಿದೆ: ಆಮ್ಲಜನಕದಿಂದಾಗುವ ಈ ಚುರುಕು ಅಣುಗಳು ಮಿತಿಮೀರಿದರೆ ಡಿಎನ್‌ಎ, ಪ್ರೋಟೀನು, ಕೋಶದ ಪೊರೆಗಳು ಹಾಳಾಗುತ್ತವೆ. ಆದರೆ ಅವು ಪೂರ್ತಿ ‘ಖಲಾಸ್’ ಆದರೆ ನಮ್ಮ ಗತಿ ಕೆಟ್ಟಂತೆಯೇ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದ ಜಾಗವನ್ನೇ ನೋಡಿ. ಅಲ್ಲಿಗೆ ಧಾವಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗಿ, ಬೇಕೆಂದೇ ಇಂಥದೊಂದು ಫ್ರೀ ರ‍್ಯಾಡಿಕಲ್ ಆದ ಸೂಪರ್‌ಆಕ್ಸೈಡ್ ತಯಾರಿಸುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಮುಂದೆ ಹೈಪೋಕ್ಲೋರಸ್ ಆಮ್ಲ. ಹೆಚ್ಚುಕಡಿಮೆ ಬಚ್ಚಲು ತೊಳೆಯುವ ಬ್ಲೀಚಿನ ನೆಂಟನೇ. ಆ ಸೂಪರ್‌ಆಕ್ಸೈಡನ್ನು ತಯಾರಿಸುವ ಕಿಣ್ವ ಹುಟ್ಟಿನಿಂದಲೇ ಕೈಕೊಟ್ಟ ಮಕ್ಕಳಿಗೆ ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಕಾಯಿಲೆ. ಮೇಲಿಂದ ಮೇಲೆ ಸೋಂಕು, ಕೆಲವೊಮ್ಮೆ ಜೀವಕ್ಕೇ ಅಪಾಯ.

ಇನ್ನು ಮಾತ್ರೆ. ಫಿನ್‌ಲ್ಯಾಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೋಟಿನ್ (ಗಜ್ಜರಿಯಲ್ಲಿರುವ ಆ್ಯಂಟಿಆಕ್ಸಿಡೆಂಟ್) ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು! ಅಮೆರಿಕದ ಇಂಥದೇ ‘ಕೇರೆಟ್’ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಗಜ್ಜರಿ, ನೆಲ್ಲಿಕಾಯಿ ತಿನ್ನುವುದಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಪ್ರಶ್ನೆ ಇರುವುದು ದೊಡ್ಡ ಡೋಸಿನ ಮಾತ್ರೆಗಳದ್ದು. ಕೀಮೋ ಅಥವಾ ರೇಡಿಯೇಷನ್ ಪಡೆಯುತ್ತಿರುವವರಂತೂ ವೈದ್ಯರನ್ನು ಕೇಳದೆ ಅವನ್ನು ಮುಟ್ಟಬೇಡಿ.