ಆಟ ಮುಗಿದ ಮೇಲಿನ ಅರ್ಧ ಗಂಟೆ

ನಮ್ಮ ಚೆಸ್ ಕ್ಲಬ್‌ನ ಚಾಂಪಿಯನ್‌ಶಿಪ್‌ನಲ್ಲಿ ನಿನ್ನೆ ರಾತ್ರಿ ಐದನೆಯ ಸುತ್ತು ನಡೆಯಿತು. ಸುಲಭವಾಗಿ ಡ್ರಾ ಮಾಡಿಕೊಳ್ಳಬಹುದಾಗಿದ್ದ ಆಟವನ್ನು ನಾನು ಸೋತೆ. ಆ ನಂತರದ ಅರ್ಧ ಗಂಟೆಯ ಬಗ್ಗೆ ಕೆಲವು ಮಾತುಗಳನ್ನು ಹೇಳಬೇಕಾಗಿದೆ. ಅದಕ್ಕಾಗಿ ಸೋತ ಬಗೆಯನ್ನೇ ಮೊದಲು ವಿವರಿಸುವುದು ಅನಿವಾರ್ಯ.

ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಹೆಚ್ಚುವರಿ ಎಂಬುದು ನಮ್ಮಲ್ಲಿರುವ ಸಮಯದ ಲೆಕ್ಕ. ನಡೆಗೊಂದಿಷ್ಟು ಸಮಯ ಸೇರಿಸುವ ಗಡಿಯಾರಕ್ಕೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1980ರ ದಶಕದ ಕೊನೆಯಲ್ಲಿ ಪೇಟೆಂಟ್ ಪಡೆದರು. 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿಯೊಡನೆ ಮತ್ತೆ ಆಡಿದಾಗ ಅದನ್ನೇ ಬಳಸಿದರು. ಗೆದ್ದ ಆಟವನ್ನು ಕೇವಲ ಫ್ಲ್ಯಾಗ್ ಬಿದ್ದು, ಅಂದರೆ ಸಮಯ ಮುಗಿದು, ಕಳೆದುಕೊಳ್ಳುವ ಅನ್ಯಾಯ ಇದರಿಂದ ಬಹುಮಟ್ಟಿಗೆ ತಪ್ಪಿದೆಯಾದರೂ, ಅರವತ್ತನೆಯ ನಡೆಯ ಹೊತ್ತಿಗೆ ಕೈಯಲ್ಲಿ ಉಳಿಯುವುದು ಆ 30 ಸೆಕೆಂಡ್ ಮಾತ್ರ, ಮತ್ತು ನಡೆಯನ್ನು ಹಾಳೆಯಲ್ಲಿ ಬರೆಯುವ ಕೆಲಸವೂ ಅದರೊಳಗೇ ಮುಗಿಯಬೇಕು.

ನನ್ನ ಬಳಿ ರಾಜ ಮತ್ತು ಆನೆ. ಎದುರಾಳಿಯ ಬಳಿ ರಾಜ, ಆನೆ, ಜೊತೆಗೆ ಇ5ರಲ್ಲಿ, ಅಂದರೆ ಇ ಎಂಬ ಉದ್ದ ಸಾಲಿನಲ್ಲಿ ಬಿಳಿಯ ಕಡೆಯಿಂದ ಐದನೆಯ ಮನೆಯಲ್ಲಿ, ಒಂದು ಕಾಲಾಳು. ಇದನ್ನು ಡ್ರಾ ಮಾಡುವ ದಾರಿಯನ್ನು ಫ್ರೆಂಚ್ ಆಟಗಾರ ಫಿಲಿಡೋರ್ 1777ರಲ್ಲೇ ತೋರಿಸಿಕೊಟ್ಟಿದ್ದಾನೆ. ಕಪ್ಪು ಆನೆ (ನಿನ್ನೆ ನನ್ನದು) ಆರನೆಯ ಅಡ್ಡ ಸಾಲಿನಲ್ಲಿ ನಿಂತು ಬಿಳಿಯ ರಾಜ ಮುಂದೆ ಬಾರದಂತೆ ತಡೆಯಬೇಕು. ಕಾಲಾಳು ಆರನೆಯ ಸಾಲಿಗೆ ಕಾಲಿಟ್ಟ ಮೇಲೆಯೇ, ಅಂದರೆ ಬಿಳಿಯ ರಾಜನಿಗೆ ಅಡಗಲು ಮರೆಯಿಲ್ಲದಂತಾದ ಮೇಲೆಯೇ, ಆನೆ ದೂರ ಹೋಗಿ ಹಿಂದಿನಿಂದ ಚೆಕ್ ಕೊಡಲು ತೊಡಗಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕಾಲಾಳು ಅಲುಗುವ ಮೊದಲೇ ಅವಸರಪಟ್ಟು ಆರನೆಯ ಸಾಲನ್ನು ಬಿಟ್ಟುಕೊಟ್ಟು, ಎರಡು ನಡೆಗಳಲ್ಲಿ ಆನೆಯನ್ನು ಕಾಲಾಳುವಿನ ಬೆನ್ನ ಹಿಂದೆ ತಂದು ನಿಲ್ಲಿಸಿದೆ. ಬಿಳಿಯ ರಾಜ ಇ6ಕ್ಕೆ ಬಂದು ಮೇಟ್‌ನ ಬೆದರಿಕೆ ಒಡ್ಡಿದ. ನನ್ನ ರಾಜನನ್ನು ಡಿ8ಕ್ಕೆ ಸರಿಸಿದೆ. ಮುಂದಿನದೆಲ್ಲ ಕಾಲಹರಣ.

ಪಕ್ಕದ ಬೋರ್ಡಿನ ಹುಡುಗನ ಅದೃಷ್ಟ ನನಗಿಂತ ಚೆನ್ನಾಗಿತ್ತು. ಎದುರಾಳಿಗೆ ಒಂದು ಒಂಟೆಯೂ ಅಂಚಿನ ಕಾಲಾಳುವೂ ಹೆಚ್ಚಿಗೆ ಇದ್ದರೂ, ಕಾಲಾಳು ರಾಣಿಯಾಗಬೇಕಿದ್ದ ಮೂಲೆಮನೆಯ ಬಣ್ಣ ಆ ಒಂಟೆ ಓಡಾಡುವ ಮನೆಗಳ ಬಣ್ಣವಾಗಿರಲಿಲ್ಲ. ಹುಡುಗ ರಾಜನನ್ನು ಮೂಲೆಯಲ್ಲಿ ಕೂರಿಸಿ ಅರ್ಧ ಅಂಕ ಗಿಟ್ಟಿಸಿಕೊಂಡ.

ಆಟ ಮುಗಿದ ಕೂಡಲೇ ಹಾಲ್‌ನ ಹೊರಗೆ ಎಲ್ಲರ ಫೋನ್‌ಗಳೂ ಚೀಲದಿಂದ ಹೊರಬಂದವು. ನಾನೂ ನನ್ನದನ್ನು ತೆಗೆದೆ. ಅದರಲ್ಲಿರುವ ಎಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ತಂತ್ರಾಂಶ, ಹೇಳಿದ್ದು ಇಷ್ಟೇ: ಆ ಹಂತದಲ್ಲಿ ಸೊನ್ನೆ (ಸಮಬಲ), ನನ್ನ ನಡೆಯ ನಂತರ ಸೋಲು. ಉತ್ತರ ಸರಿಯಾಗಿತ್ತು, ಕಾರಣ ಮಾತ್ರ ಇರಲಿಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ ವಿಷಯಕ್ಕೆ: ಆನೆ ಸಾಲು ಬಿಟ್ಟದ್ದು ಸೋಲಿಗೆ ಕಾರಣವೆಂದು ನಾನು ಖಚಿತವಾಗಿ ನಂಬಿದ್ದೆ, ಫೋನ್ ತಪ್ಪೆಂದು ತೋರಿಸಿದ್ದು ರಾಜನ ನಡೆಯನ್ನು.

ಅಷ್ಟರಲ್ಲಿ ನನ್ನನ್ನು ಸೋಲಿಸಿದ ಹಿರಿಯರು ಕಾಯಿಗಳನ್ನು ಮತ್ತೆ ಅದೇ ಸ್ಥಿತಿಗೆ ಜೋಡಿಸಿ, "ರಾಜನನ್ನು ಎಫ್8ಕ್ಕೆ ಇಟ್ಟಿದ್ದರೆ ನಾನು ಏನು ಮಾಡಬಹುದಿತ್ತು, ನೀವೇ ಬಿಳಿ ಆಡಿ ತೋರಿಸಿ" ಎಂದರು. ಪಕ್ಷ ಬದಲಿಸಿ ಕುಳಿತೆವು. ಎಷ್ಟು ಬಗೆಯಲ್ಲಿ ಪ್ರಯತ್ನಿಸಿದರೂ ನನಗೆ ಗೆಲ್ಲಲಾಗಲಿಲ್ಲ. ಅರ್ಧ ಗಂಟೆಯ ಕೊನೆಗೆ ಇಬ್ಬರಿಗೂ ಹೊಳೆದದ್ದು ಇದು: ಇ ಸಾಲಿನ ಕಾಲಾಳುವಿನ ಒಂದು ಪಕ್ಕ ಮೂರು ಉದ್ದ ಸಾಲು, ಇನ್ನೊಂದು ಪಕ್ಕ ನಾಲ್ಕು. ರಾಜ ಚಿಕ್ಕ ಪಕ್ಕಕ್ಕೆ ಹೋದರೆ, ದೊಡ್ಡ ಪಕ್ಕ ಆನೆಗೆ ಪೂರ್ತಿಯಾಗಿ ಸಿಗುತ್ತದೆ. ಪಕ್ಕದಿಂದ ಚೆಕ್ ಕೊಡಲು ಬೇಕಾದ ದೂರ ಅಲ್ಲಿಯೇ ಇರುವುದು. ನಾನು ರಾಜನನ್ನು ನನ್ನ ಆನೆಯ ದಾರಿಯಲ್ಲೇ ತಂದು ನಿಲ್ಲಿಸಿದ್ದೆ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೆಯ ಆಟದ 55ನೆಯ ನಡೆಯಲ್ಲಿ ಗುಕೇಶ್ ಅವರ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟಾಗ, ಅದು ಸೋಲಿನ ನಡೆ ಎಂಬುದು ಪರದೆಯ ಮುಂದಿದ್ದ ಪ್ರತಿಯೊಬ್ಬರಿಗೂ ಅರೆಕ್ಷಣದಲ್ಲಿ ತಿಳಿಯಿತು. ಗುಕೇಶ್ ಅವರಿಗೆ ಅದು ತಕ್ಷಣ ಹೊಳೆದಿರಲಿಲ್ಲವೆಂದು ಅವರೇ ಆಮೇಲೆ ಹೇಳಿದರು. ಆದರೆ ಆನೆಗಳೂ ಒಂಟೆಗಳೂ ವಿನಿಮಯವಾದರೆ ಉಳಿಯುವ ಕಾಲಾಳುಗಳ ಆಟವನ್ನು ತಾನು ಗೆಲ್ಲುತ್ತೇನೆಂದು ಲೆಕ್ಕ ಹಾಕಿ ಕಂಡುಕೊಂಡವರು ಅವರು. ನಾವು ನೋಡಿದ್ದು, ಯಾರು ಮುಂದಿದ್ದಾರೆಂದು ಎಂಜಿನ್ ಪರದೆಯಲ್ಲಿ ತೋರಿಸುವ ಬಿಳಿ-ಕಪ್ಪು ಪಟ್ಟಿಯೊಂದು ಜಾರಿದ್ದನ್ನು.

ನಾನು ಎಂಜಿನ್‌ನ ವಿರೋಧಿಯಲ್ಲ. ಮನೆಗೆ ಬಂದ ಮೇಲೆ ನಮ್ಮ ತೀರ್ಮಾನವನ್ನು ಅದರಲ್ಲೇ ಒರೆಗೆ ಹಚ್ಚಿದೆ, ಸರಿಯಿತ್ತು. ಆದರೆ ಎದುರಿಗೆ ಕುಳಿತು ನಾಲ್ಕು ಗಂಟೆ ಅದೇ ಬೋರ್ಡಿನ ಬಗ್ಗೆ ಯೋಚಿಸಿದ ಇನ್ನೊಬ್ಬ ವ್ಯಕ್ತಿ ಅಲ್ಲೇ ಇರುವಾಗ, ಮೊದಲ ಪ್ರಶ್ನೆಯನ್ನು ಫೋನ್‌ಗೆ ಕೇಳುವುದು ನನಗೆ ಈಗ ಅವಿವೇಕವಾಗಿ ಕಾಣುತ್ತದೆ. ಆದ್ದರಿಂದ ಕ್ಲಬ್‌ನ ಸಮಿತಿಗೆ ಒಂದು ವಿನಂತಿ: ಮುಂದಿನ ಸುತ್ತಿನಿಂದ ಹಾಲ್‌ನ ಹೊರಗೆ ಎರಡು ಬೋರ್ಡುಗಳನ್ನು ಆಟದ ವಿಮರ್ಶೆಗಾಗಿಯೇ ಇಡಿ, ಅಲ್ಲಿಯೂ ಫೋನ್ ಬೇಡವೆಂದು ಬರೆದು ಹಾಕಿ. ಕಾಯಿಗಳನ್ನು ಡಬ್ಬಿಗೆ ತುಂಬಿ ದೀಪ ಆರಿಸುವ ಹೊಣೆಯನ್ನು ಕೊನೆಯಲ್ಲಿ ಏಳುವವರಿಗೆ ಬಿಡಿ. ಆರನೆಯ ಸುತ್ತಿನ ರಾತ್ರಿ ಅದನ್ನು ನಾನೇ ವಹಿಸಿಕೊಳ್ಳುತ್ತೇನೆ.