ಜೀನ್ ಅಭಿವ್ಯಕ್ತಿ ಬದಲಾದ ಮಾತ್ರಕ್ಕೆ ಅದು ಔಷಧವಾಗುವುದಿಲ್ಲ

ಅಮೆರಿಕದಲ್ಲಿರುವ ಭಾವ ನಿನ್ನೆ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಕಳಿಸಿದ್ದರು. ಗಾಂಜಾ ಗಿಡದ ಸಿಬಿಎನ್ ಎಂಬ ರಾಸಾಯನಿಕ ಇರುವ ಗಮ್ಮಿಗಳು, ಅಂದರೆ ಜಗಿದು ತಿನ್ನುವ ಮಿಠಾಯಿಗಳು, ಮೆದುಳಿನ ಜೀನ್‌ಗಳನ್ನೇ ಬದಲಿಸಿ ಮರೆವಿನ ಕಾಯಿಲೆಯನ್ನು ವಾಸಿಮಾಡುತ್ತವೆ ಎಂದು ಅದರಲ್ಲಿ ಮಾರಾಟಗಾರನೊಬ್ಬ ಹೇಳುತ್ತಾನೆ. ನಮ್ಮ ಅಮ್ಮನಿಗೂ ಅದೇ ಮರೆವಿನ ಕಾಯಿಲೆ. ಅದನ್ನು ನೋಡಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಸಿಬಿಜಿ, ಸಿಬಿಎನ್, ಸಿಬಿಸಿಯಂಥ, ಗಿಡದಲ್ಲಿ ಅಲ್ಪ ಪ್ರಮಾಣದಲ್ಲಿರುವ ಕ್ಯಾನಬಿನಾಯ್ಡ್‌ಗಳು (ಗಾಂಜಾ ಗಿಡದ ವಿಶಿಷ್ಟ ರಾಸಾಯನಿಕಗಳು) ನರಕೋಶಗಳ ಜೀನ್ ಅಭಿವ್ಯಕ್ತಿಯ ಮೇಲೆ ಪರಿಣಾಮ ಬೀರಬಲ್ಲವು ಎಂಬುದು ನಿಜ. ಆದರೆ ಅಲ್ಲಿ ಡಿಎನ್‌ಎ ಬದಲಾಗುವುದಿಲ್ಲ. ಯಾವ ಜೀನಿನಿಂದ ಎಷ್ಟು ಆರ್‌ಎನ್‌ಎ (ಜೀನಿನ ಕೆಲಸದ ಪ್ರತಿ) ತಯಾರಾಗುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಸಿಬಿಜಿ ಪಿಪಿಎಆರ್-ಗ್ಯಾಮಾ ಎಂಬ ಗ್ರಾಹಕವನ್ನು (ರಾಸಾಯನಿಕ ಸಂಕೇತವನ್ನು ಹಿಡಿಯುವ ಪ್ರೋಟೀನನ್ನು) ಪ್ರಚೋದಿಸುತ್ತದೆ. ಆ ಗ್ರಾಹಕ ಕೋಶಕೇಂದ್ರದಲ್ಲಿ ಡಿಎನ್‌ಎಗೆ ಅಂಟಿಕೊಂಡು ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳನ್ನು ನಿಯಂತ್ರಿಸುತ್ತದೆ. 2015ರಲ್ಲಿ ಮ್ಯಾಡ್ರಿಡ್‌ನ ಸಂಶೋಧಕರು ಹಂಟಿಂಗ್ಟನ್ ಎಂಬ ಆನುವಂಶಿಕ ಮೆದುಳಿನ ಕಾಯಿಲೆಯನ್ನು ಹೋಲುವ ಸ್ಥಿತಿ ಉಂಟುಮಾಡಿದ ಇಲಿಗಳಿಗೆ ಸಿಬಿಜಿ ಕೊಟ್ಟಾಗ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್‌ನಂಥ ಜೀನ್‌ಗಳ ಅಭಿವ್ಯಕ್ತಿ ಸುಧಾರಿಸಿತು. ಆ ಸುಧಾರಣೆ ಸಾಧಾರಣವಾದದ್ದೆಂದು ಅವರೇ ಬರೆದಿದ್ದಾರೆ. ಮಾರುವವರು ಬಿಟ್ಟುಬಿಡುವುದು ಆ ಒಂದು ಮಾತನ್ನೇ.

ಇಲಿಯ ಹಂತಕ್ಕೂ ಬಾರದ ಪ್ರಯೋಗಗಳೇ ಹೆಚ್ಚು. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಕ್ಯಾನಬಿನಾಯ್ಡ್ ದ್ರಾವಣ ಹಾಕಿ, ಒಂದು ದಿನ ಬಿಟ್ಟು ಆರ್‌ಎನ್‌ಎ ತೆಗೆದು, ಹಾಕದ ತಟ್ಟೆಯೊಂದಿಗೆ ಹೋಲಿಸುತ್ತಾರೆ. ಇಂಥ ಕೆಲಸಕ್ಕೆ ಬಹಳವಾಗಿ ಬಳಸುವ ಎಸ್‌ಎಚ್-ಎಸ್‌ವೈ5ವೈ ಕೋಶಗಳು ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಇದ್ದ ನಾಲ್ಕು ವರ್ಷದ ಮಗುವಿನಿಂದ ಬಂದವು. ಅವು ಇಂದಿಗೂ ವಿಭಜನೆಗೊಳ್ಳುತ್ತಲೇ ಇವೆ. ಅಮ್ಮನ ಮೆದುಳಿನ ನರಕೋಶಗಳು ವಿಭಜನೆಗೊಳ್ಳುವುದಿಲ್ಲ. ತಟ್ಟೆಯಲ್ಲಿ ದ್ರಾವಣ ನೇರವಾಗಿ ಕೋಶವನ್ನು ಮುಟ್ಟುತ್ತದೆ. ಬಾಯಿಂದ ತಿಂದದ್ದು ಕರುಳು, ಯಕೃತ್ತು, ರಕ್ತ-ಮೆದುಳಿನ ತಡೆಗೋಡೆಗಳನ್ನು ದಾಟಿದ ಮೇಲೆ ಎಷ್ಟು ಉಳಿದೀತು?

"ಇರುವ ಒಂದು ಆಸೆಯನ್ನೂ ಯಾಕೆ ಕಿತ್ತುಕೊಳ್ಳುತ್ತೀಯ" ಎಂದು ಅಕ್ಕ ಬೇಸರಪಟ್ಟುಕೊಂಡಳು. ಅವಳ ಸಂಕಟ ನನಗೆ ಅರ್ಥವಾಗುತ್ತದೆ, ಒಪ್ಪಲು ಮಾತ್ರ ಆಗದು. ಇದೇ ಗಿಡದ ಇನ್ನೊಂದು ಕ್ಯಾನಬಿನಾಯ್ಡ್ ಆದ ಸಿಬಿಡಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಅದು ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟಾಟ್ ಎಂಬ ಎರಡು ಬಗೆಯ ತೀವ್ರ ಮೂರ್ಛೆರೋಗಗಳಿಗೆ, ರೋಗಿಗಳಿಗೆ ಬರುವ ಸೆಳೆತಗಳನ್ನು ಎಣಿಸಿ, ಸಿಬಿಡಿ ಬದಲು ಹುಸಿ ಔಷಧ ಪಡೆದ ಗುಂಪಿನೊಂದಿಗೆ ಹೋಲಿಸಿ ನೋಡಿದ ಮೇಲೆ. ಜೊತೆಯ ಔಷಧಗಳ ಮಟ್ಟವನ್ನು ಸಿಬಿಡಿ ರಕ್ತದಲ್ಲಿ ಏರಿಸಬಲ್ಲದು ಎಂಬುದೂ ರೋಗಿಗಳಲ್ಲಿ ಪರೀಕ್ಷಿಸಿದ್ದರಿಂದಲೇ ಖಚಿತವಾಯಿತು. ಮರೆವಿನ ಕಾಯಿಲೆಗೆ ಸಿಬಿಎನ್ ಅಂಥ ಯಾವ ಅನುಮತಿಯನ್ನೂ ಪಡೆದಿಲ್ಲ. ಅಮ್ಮ ಈಗಾಗಲೇ ರಕ್ತದೊತ್ತಡಕ್ಕೂ ನಿದ್ದೆಗೂ ಮಾತ್ರೆ ನುಂಗುತ್ತಿದ್ದಾಳೆ. ಅವುಗಳ ಮೇಲೆ ಇದನ್ನೂ ಕೊಟ್ಟು ಏನಾಗುತ್ತದೆಂದು ಅವಳ ದೇಹದಲ್ಲೇ ಪರೀಕ್ಷಿಸಲು ನಾನು ಬಿಡುವುದಿಲ್ಲ.